ಅಕ್ಕನ ಹೃದಯದಲ್ಲಿ ತೂತು, ಅಪ್ಪನ ನಾಡಿ ನಿಧಾನ: ನಿಮ್ಮ ಮನೆಯವರಿಗೆ ಯಾವ ಪರೀಕ್ಷೆ ಬೇಕು?

ಪ್ರಶ್ನೆ: ನನಗೆ 33 ವರ್ಷ. ದಾವಣಗೆರೆ ಹತ್ತಿರದ ಊರು. ನನ್ನ ಅಕ್ಕನಿಗೆ 36ನೇ ವಯಸ್ಸಿನಲ್ಲಿ, ಎರಡನೇ ಹೆರಿಗೆಯ ಹೊತ್ತಿಗೆ, ಹೃದಯದಲ್ಲಿ ತೂತು ಇದೆ ಅಂತ ಗೊತ್ತಾಯಿತು. ಆಮೇಲೆ ಅದನ್ನು ಮುಚ್ಚಿದರು, ಇನ್ನು ಬರುವ ಅಗತ್ಯ ಇಲ್ಲ ಅಂದರು. ಅಣ್ಣನ ಮಗನಿಗೆ ಐದು ವರ್ಷ, ಅವನಿಗೂ ಅದೇ ಜಾಗದಲ್ಲಿ ತೂತು. ಅಪ್ಪ 46ನೇ ವಯಸ್ಸಿನಲ್ಲಿ ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅದಕ್ಕೆ ಮುಂಚೆ ಒಬ್ಬ ಡಾಕ್ಟರು ನಾಡಿ ನಿಧಾನ ಇದೆ, ಬಡಿತ ಸರಿಮಾಡುವ ಪೇಸ್‌ಮೇಕರ್ ಯಂತ್ರ ಬೇಕಾಗಬಹುದು ಅಂದಿದ್ದರಂತೆ. ನನಗೆ ಮೆಟ್ಟಿಲು ಹತ್ತಿದರೆ ಏದುಸಿರು, ಕೆಲವೊಮ್ಮೆ ಎದೆ ಡವಡವ. ಎರಡು ಕಡೆ ತೋರಿಸಿದೆ. ಇಸಿಜಿ, ಎಕೋ (ಹೃದಯದ ಸ್ಕ್ಯಾನಿಂಗ್) ಎರಡೂ ನಾರ್ಮಲ್, ಗ್ಯಾಸ್ಟ್ರಿಕ್ ಮತ್ತು ಟೆನ್ಷನ್ ಅಂದರು. ಎಂಟು ವರ್ಷದ ಮಗಳಿದ್ದಾಳೆ. ಇನ್ನೊಂದು ಮಗು ಬೇಕು ಅಂತಿದೆ. ನಮ್ಮ ಮನೆಯಲ್ಲಿ ಇದು ವಂಶದಲ್ಲೇ ಬಂದಿದೆಯಾ? ಸರಿಯಾದ ಪರೀಕ್ಷೆ ಯಾವುದು, ಎಲ್ಲಿ ಮಾಡಿಸಬೇಕು? ಅಣ್ಣನಿಗೆ 41 ವರ್ಷ, ಗಟ್ಟಿಮುಟ್ಟಾಗಿದ್ದಾರೆ, ಲಾರಿ ಓಡಿಸುತ್ತಾರೆ, ಅವರಿಗೇನೂ ತೊಂದರೆ ಇಲ್ಲ.

ಉತ್ತರ:

ನೋಡಿ ಅಮ್ಮ, ನಿಮ್ಮ ಅನುಮಾನ ಸರಿಯಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎರಡು ಕಡೆ 'ಏನಿಲ್ಲ' ಅಂತ ಹೇಳಿಸಿಕೊಂಡು ಬಂದವರಿಗೆ ತಮ್ಮ ಮೇಲೇ ಅಪನಂಬಿಕೆ ಶುರುವಾಗಿರುತ್ತದೆ. ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ನನ್ನ ಗಮನ ಸೆಳೆದದ್ದು ನಿಮ್ಮ ಅಕ್ಕನ ತೂತು ಅಲ್ಲ, ಅಣ್ಣನ ಮಗನ ತೂತೂ ಅಲ್ಲ. ಅಪ್ಪನ ನಿಧಾನದ ನಾಡಿ. ಈ ಮೂರನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡಿದ ಡಾಕ್ಟರು ನಿಮ್ಮನ್ನು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುತ್ತಿರಲಿಲ್ಲ.

ನೂರು ಮಕ್ಕಳು ಹುಟ್ಟಿದರೆ ಸುಮಾರು ಒಂದು ಮಗುವಿಗೆ ಹೃದಯದಲ್ಲಿ ಏನಾದರೂ ಹುಟ್ಟುದೋಷ ಇರುತ್ತದೆ. ಹೆಚ್ಚಿನವು ಒಂಟಿಯಾಗಿ ಬರುತ್ತವೆ. ಮನೆಯಲ್ಲಿ ಮತ್ತೆ ಯಾರಿಗೂ ಇರುವುದಿಲ್ಲ. ಒಂದು ಮಗುವಿಗೆ ಇದ್ದರೆ ಅದೇ ತಂದೆತಾಯಿಯ ಮುಂದಿನ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಎರಡರಿಂದ ನಾಲ್ಕು, ಅಷ್ಟೇ. ಅದಕ್ಕೇ ಒಂದು ಮಗುವಿಗೆ ತೂತು ಇದ್ದ ಮಾತ್ರಕ್ಕೆ ನಾವು ಊರವರನ್ನೆಲ್ಲ ಪರೀಕ್ಷೆಗೆ ಕರೆಯುವುದಿಲ್ಲ. ಆದರೆ ನಿಮ್ಮ ಮನೆಯ ಲೆಕ್ಕ ಬೇರೆ. ಎರಡು ತಲೆಮಾರಿನಲ್ಲಿ ಒಂದೇ ಥರದ ತೂತು, ಅದರ ಹಿಂದಿನ ತಲೆಮಾರಿನಲ್ಲಿ ಚಿಕ್ಕ ವಯಸ್ಸಿನ ಸಾವು, ಜೊತೆಗೆ ನಿಧಾನದ ನಾಡಿ. ಇದು ಕಾಕತಾಳೀಯ ಆಗಿರಬಹುದು. ಹಾಗಂತ ಸುಮ್ನೆ ಕೂರುವ ಹಾಗಿಲ್ಲ.

ನಿಮ್ಮ ಅಕ್ಕನಿಗೆ ಇದ್ದದ್ದು ಎಎಸ್‌ಡಿ ಅಂತ ನೀವು ಕಳಿಸಿದ ಕಾಗದದಲ್ಲಿದೆ. ಹೃದಯದ ಮೇಲಿನ ಎರಡು ಕೋಣೆಗಳ ಮಧ್ಯದ ಗೋಡೆಯಲ್ಲಿ ತೂತು. ಎಡಗಡೆಯ ಶುದ್ಧ ರಕ್ತ ಸ್ವಲ್ಪ ಸ್ವಲ್ಪವಾಗಿ ಬಲಗಡೆಗೆ ಸೋರುತ್ತದೆ. ಬಲಗಡೆ ಹೃದಯ ಆ ಜಾಸ್ತಿ ರಕ್ತವನ್ನು ಮತ್ತೆ ಶ್ವಾಸಕೋಶಕ್ಕೆ ದೂಡಬೇಕು. ಹೀಗೆ ವರ್ಷಗಟ್ಟಲೆ ಡಬಲ್ ಕೆಲಸ ಮಾಡಿ ಮಾಡಿ ಅದು ಹಿಗ್ಗುತ್ತದೆ. ಇದರ ಕೆಟ್ಟ ಗುಣ ಏನೆಂದರೆ ಸದ್ದು ಮಾಡುವುದಿಲ್ಲ. ಮಗು ನೀಲಿ ಆಗುವುದಿಲ್ಲ, ಆಡುತ್ತದೆ, ಓಡುತ್ತದೆ, ಸ್ಟೆತಸ್ಕೋಪಿಗೆ ಸಿಗುವ ಶಬ್ದವೂ ಮೆತ್ತಗೆ. ಮೂವತ್ತು ದಾಟಿದ ಮೇಲೆ, ಇಲ್ಲವೇ ಬಸುರಿಯಾದಾಗ ಮೈಯಲ್ಲಿ ರಕ್ತದ ಪ್ರಮಾಣ ಏರಿದಾಗ, ಆಗ ಉಸಿರು ಸಾಲುವುದಿಲ್ಲ. ನಿಮ್ಮ ಅಕ್ಕನಿಗೆ ಆದದ್ದು ಇದೇ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಹೃದಯದ ತೂತು ಇರುವುದು ಮೊದಲ ಸಲ ಗೊತ್ತಾಗುವುದು ಹೆರಿಗೆ ವಾರ್ಡಿನಲ್ಲಿ. ಅದಕ್ಕೆ ಮುಂಚೆ ಅವರ ಸುಸ್ತನ್ನು ಎಲ್ಲರೂ ರಕ್ತ ಕಡಿಮೆ ಅಂತಲೋ, ಕೆಲಸಗಳ್ಳಿ ಅಂತಲೋ ತಳ್ಳಿಹಾಕಿರುತ್ತಾರೆ. ಇದನ್ನು ನೋಡಿ ನೋಡಿ ನನಗೆ ಬಹಳ ನೋವಾಗಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೃದಯಕ್ಕೆ ಗೋಡೆಗಳಿರುವ ಹಾಗೆ ಒಳಗೊಂದು ವೈರಿಂಗ್ ಇದೆ. ಮೇಲಿನ ಕೋಣೆಯಲ್ಲಿ ಹುಟ್ಟುವ ವಿದ್ಯುತ್ ಸಂಕೇತ ಕೆಳಗಿನ ಕೋಣೆಗೆ ಇಳಿದಾಗಲೇ ಹೃದಯ ಬಡಿಯುವುದು. ಕೆಲವು ಮನೆತನಗಳಲ್ಲಿ ಒಂದೇ ಜೀನ್‌ನ ತಪ್ಪಿನಿಂದ ಎರಡೂ ಕೆಡುತ್ತವೆ, ಗೋಡೆಯಲ್ಲಿ ತೂತು ಮತ್ತು ವೈರಿಂಗಿನಲ್ಲಿ ತಡೆ. ಎನ್‌ಕೆಎಕ್ಸ್2-5 ಅಂತ ಅದರ ಹೆಸರು. ಇಂಥ ಮನೆತನಗಳಲ್ಲಿ ಈ ಜೀನ್‌ನ ಪಾತ್ರ ಗೊತ್ತಾದದ್ದು 1998ರಲ್ಲಿ. ತಂದೆ ಅಥವಾ ತಾಯಿಯಲ್ಲಿ ಈ ತಪ್ಪು ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡಾಗಲಿ ಹೆಣ್ಣಾಗಲಿ. ಒಬ್ಬರಿಗೆ ತೂತು ಮಾತ್ರ ಇರಬಹುದು, ಇನ್ನೊಬ್ಬರಿಗೆ ತೂತೇ ಇಲ್ಲದೆ ವೈರಿಂಗ್ ತೊಂದರೆ ಮಾತ್ರ ಇರಬಹುದು, ಮತ್ತೊಬ್ಬರಿಗೆ ಎರಡೂ. ವೈರಿಂಗಿನ ತಡೆ ಹುಟ್ಟಿದಾಗ ಇಲ್ಲದೆ ವಯಸ್ಸಾದ ಹಾಗೆ ಜಾಸ್ತಿಯಾಗುತ್ತಾ ಹೋಗುತ್ತದೆ. ನಾಡಿ ನಿಧಾನವಾಗುತ್ತದೆ. ಕೆಲವರಲ್ಲಿ ಒಂದು ದಿನ ಹಠಾತ್ತಾಗಿ ನಿಲ್ಲುತ್ತದೆ.

ನಿಮ್ಮ ಮನೆಯಲ್ಲಿರುವುದು ಇದೇ ಅಂತ ನಾನು ಪತ್ರ ಓದಿ ತೀರ್ಮಾನ ಕೊಡಲಾರೆ. ಆದರೆ ಇದೇ ಇರಬಹುದು ಅನ್ನುವ ಅನುಮಾನ ಇಟ್ಟುಕೊಂಡೇ ಪರೀಕ್ಷೆ ಶುರು ಮಾಡಬೇಕು.

ನೀವು ಕಳಿಸಿದ ಇಸಿಜಿ ಫೋಟೊ ನೋಡಿದೆ. ಕೆಳಗೆ 'ನಾರ್ಮಲ್' ಅಂತ ಸೀಲ್ ಇದೆ. ಮೇಲೆ ಮೂಲೆಯಲ್ಲಿ ಮಷಿನ್ ತಾನೇ ಛಾಪಿಸಿದ ಅಂಕಿಗಳಿವೆ, ಅದರಲ್ಲಿ ಪಿಆರ್ ಅನ್ನುವ ಸಾಲಿನ ಮುಂದೆ 224 ಅಂತಿದೆ. ದೊಡ್ಡವರಲ್ಲಿ ಇದು 200 ಮಿಲಿಸೆಕೆಂಡಿನ ಒಳಗಿರಬೇಕು. ಇಸಿಜಿ ಕಾಗದದ ಒಂದು ದೊಡ್ಡ ಚೌಕ ಅಂದರೆ 200, ನಿಮ್ಮದು ಅದನ್ನು ದಾಟಿದೆ. ಮೇಲಿನಿಂದ ಕೆಳಗೆ ಸಂಕೇತ ಇಳಿಯಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತಿದೆ ಅಂತ ಅರ್ಥ. ಹೆದರಬೇಡಿ, ಇಷ್ಟು ತಡ ಆರೋಗ್ಯವಂತರಲ್ಲೂ ಕಾಣುತ್ತದೆ, ಒಳ್ಳೆಯ ಓಟಗಾರರಲ್ಲೂ ಕಾಣುತ್ತದೆ. ನಿಮ್ಮನ್ನು ನೋಡಿದ ಡಾಕ್ಟರು ಇದನ್ನು ಬಿಟ್ಟದ್ದು ಅದಕ್ಕೇ ಇರಬೇಕು. ಒಂಟಿಯಾಗಿ ನೋಡಿದರೆ ಬಿಡುವಂಥದ್ದೇ. ಆದರೆ ಅಪ್ಪ, ಅಕ್ಕ, ಅಣ್ಣನ ಮಗ ಈ ಮೂವರನ್ನು ಪಕ್ಕದಲ್ಲಿ ಇಟ್ಟರೆ ಅದೇ 224ಕ್ಕೆ ಬೇರೆ ಅರ್ಥ ಬರುತ್ತದೆ. ಅವರಿಗೆ ಮನೆಯ ಕಥೆ ಗೊತ್ತಿರಲಿಲ್ಲ. ನೀವು ಹೇಳಿದಿರಾ? ಬಹುಶಃ ಹೇಳಲು ಹೊರಟಾಗ ಟೈಮ್ ಸಿಕ್ಕಿರುವುದಿಲ್ಲ. ಹೊರರೋಗಿ ವಿಭಾಗದ ಗದ್ದಲ ನನಗೂ ಗೊತ್ತು.

ನನ್ನ ಕೈಯಿಂದಲೇ ಆದ ಒಂದು ತಪ್ಪು ಹೇಳುತ್ತೇನೆ. ವೃತ್ತಿಯ ಶುರುವಿನಲ್ಲಿ ಒಬ್ಬ ಟೈಲರ್ ಬಂದಿದ್ದರು, ಇಪ್ಪತ್ತೊಂಬತ್ತರ ವಯಸ್ಸು. ಎಎಸ್‌ಡಿ ಇತ್ತು, ಮುಚ್ಚಿಸಿದೆವು, ಚೆನ್ನಾಗಿ ಆಯಿತು, ಖುಷಿಯಾಗಿ ಮನೆಗೆ ಹೋದರು. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ ಅಂತ ನಾನು ಕೇಳಲಿಲ್ಲ. ಎರಡು ವರ್ಷದ ಮೇಲೆ ಅವರ ತಮ್ಮನನ್ನು ಎತ್ತಿಕೊಂಡು ಬಂದರು, ಬಾವಿಕಟ್ಟೆ ಹತ್ತಿರ ತಲೆ ಸುತ್ತಿ ಬಿದ್ದಿದ್ದ. ನಾಡಿ ಮೂವತ್ತಾರು. ಅವನ ಹೃದಯದಲ್ಲಿ ತೂತು ಇರಲಿಲ್ಲ, ವೈರಿಂಗ್ ಪೂರ್ತಿ ಕಟ್ಟಾಗಿತ್ತು. ಪೇಸ್‌ಮೇಕರ್ ಹಾಕಿ ಉಳಿಸಿಕೊಂಡೆವು. ಅಣ್ಣನನ್ನು ನೋಡಿದ ದಿನವೇ 'ಒಡಹುಟ್ಟಿದವರನ್ನು ಕರೆದುಕೊಂಡು ಬನ್ನಿ' ಅಂದಿದ್ದರೆ ಅವನು ಬೀಳುವ ಪ್ರಮೇಯವೇ ಬರುತ್ತಿರಲಿಲ್ಲ. ಅವತ್ತಿನಿಂದ ನಾನು ಎಕೋ ಮಷಿನ್ ಆನ್ ಮಾಡುವ ಮುಂಚೆ ಮನೆಯವರ ಬಗ್ಗೆ ಕೇಳುತ್ತೇನೆ.

ಅದಕ್ಕೇ ನಿಮಗಿಂತ ಜಾಸ್ತಿ ಚಿಂತೆ ನನಗೆ ನಿಮ್ಮ ಅಣ್ಣನ ಬಗ್ಗೆ ಆಗಿದೆ. 'ಅವರಿಗೇನೂ ತೊಂದರೆ ಇಲ್ಲ' ಅಂತ ಬರೆದಿದ್ದೀರಿ. ಸ್ವಲ್ಪ ಯೋಚನೆ ಮಾಡಿ. ಅಪ್ಪನಿಗೆ ಇತ್ತು ಅಂತಿಟ್ಟುಕೊಳ್ಳೋಣ. ಮೊಮ್ಮಗನಿಗೂ ಬಂದಿದೆ. ಮಧ್ಯದಲ್ಲಿ ಇರುವವರು ಯಾರು? ನಿಮ್ಮ ಅಣ್ಣ. ಇದು ಒಂದೇ ಕೊಂಡಿ ಆಗಿದ್ದರೆ ಅವರ ಮೂಲಕ ಹಾದೇ ಆ ಮಗುವಿಗೆ ಬಂದಿರಬೇಕು. ಅವರಿಗೆ ತೂತು ಇಲ್ಲದೆಯೂ ಇರಬಹುದು, ಆದರೆ ವೈರಿಂಗ್ ಹೇಗಿದೆ ಅಂತ ಯಾರೂ ನೋಡಿಲ್ಲ. ಅವರಿಗೆ ನಲವತ್ತೊಂದು, ಅಪ್ಪ ಹೋದದ್ದು ನಲವತ್ತಾರಕ್ಕೆ, ಮೇಲೆ ಅವರು ಲಾರಿ ಓಡಿಸುತ್ತಾರೆ. ಗಟ್ಟಿಮುಟ್ಟಾದ ಮೈ ನೋಡಿ ಇದನ್ನು ಅಳೆಯಲು ಆಗುವುದಿಲ್ಲ ಅಮ್ಮ. ಈ ವಾರವೇ ಅವರ ಒಂದು ಇಸಿಜಿ ಆಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ, ಹತ್ತು ನಿಮಿಷದ ಕೆಲಸ, ಖಾಲಿ ಹೊಟ್ಟೆಯೂ ಬೇಡ.

ಇನ್ನು ಎಕೋ ವಿಷಯ. 'ನನ್ನ ಎಕೋ ನಾರ್ಮಲ್ ಬಂದಿದೆ, ಇನ್ನೇನು ನೋಡುವುದು' ಅಂತ ನಿಮಗೂ ಅನಿಸಿರಬಹುದು. ಎಕೋ ಅಂದರೆ ಫೋಟೊ ತೆಗೆದ ಹಾಗಲ್ಲ. ಕತ್ತಲೆ ಮನೆಯಲ್ಲಿ ಟಾರ್ಚ್ ಹಿಡಿದು ಹುಡುಕಿದ ಹಾಗೆ. ಬೆಳಕು ಬಿಟ್ಟ ಕಡೆ ಮಾತ್ರ ಕಾಣುತ್ತದೆ. ಏನನ್ನು ಹುಡುಕಬೇಕು ಅಂತ ಹುಡುಕುವವರಿಗೆ ಮೊದಲೇ ಗೊತ್ತಿರಬೇಕು. ಎದೆನೋವು ಅಂತ ಬಂದ ದೊಡ್ಡವರಿಗೆ ಸಾಮಾನ್ಯವಾಗಿ ಹೃದಯದ ಪಂಪಿಂಗ್ ಹೇಗಿದೆ, ಹಾರ್ಟ್ ಅಟ್ಯಾಕ್ ಆಗಿ ಯಾವುದಾದರೂ ಗೋಡೆ ಮಂಕಾಗಿದೆಯಾ, ವಾಲ್ವ್ ಸೋರುತ್ತಿದೆಯಾ ಅಂತ ನೋಡುತ್ತಾರೆ. ನಿಮ್ಮ ರಿಪೋರ್ಟಿನಲ್ಲೂ ಅದೇ ಇದೆ: ಈಎಫ್, ಅಂದರೆ ಪಂಪಿಂಗ್ ಅಳತೆ, 60 ಪರ್ಸೆಂಟ್, ವಾಲ್ವ್ ಸರಿ, ಮುಗಿಯಿತು. ಮೇಲಿನ ಕೋಣೆಗಳ ಗೋಡೆ ಪೂರ್ತಿ ಮುಚ್ಚಿದೆಯಾ ಅಂತ ಒಂದು ಸಾಲೂ ಇಲ್ಲ. ಬಲಗಡೆ ಹೃದಯದ ಅಳತೆಯೂ ಇಲ್ಲ.

ಎಎಸ್‌ಡಿಯಲ್ಲೂ ಬೇರೆ ಬೇರೆ ಜಾಗದ ತೂತುಗಳಿವೆ. ಮಧ್ಯದಲ್ಲಿರುವುದು ಸಾಮಾನ್ಯ, ಬೇಗ ಸಿಗುತ್ತದೆ. ಸೈನಸ್ ವೀನೋಸಸ್ ಅನ್ನುವ ಒಂದು ಥರ ಇದೆ, ಅದು ತುಂಬಾ ಮೇಲೆ, ತಲೆ ಮತ್ತು ಕೈಗಳಿಂದ ರಕ್ತ ತರುವ ದೊಡ್ಡ ನಾಳ ಸೇರುವ ಬಾಯಿಯ ಹತ್ತಿರ. ಜೊತೆಗೆ ಶ್ವಾಸಕೋಶದಿಂದ ಬರುವ ಒಂದು ನಾಳ ತಪ್ಪು ಕೋಣೆಗೆ ಸೇರಿಕೊಂಡಿರುತ್ತದೆ. ದೊಡ್ಡವರ ಎದೆಯ ಮೇಲಿನಿಂದ ಮಾಡುವ ಮಾಮೂಲಿ ಎಕೋದಲ್ಲಿ ಇದು ತಪ್ಪಿಹೋಗುವುದು ಬಹಳ ಸಾಮಾನ್ಯ. ಬಲಗಡೆ ಹೃದಯ ದೊಡ್ಡದಾಗಿದೆ, ಕಾರಣ ಸಿಗುತ್ತಿಲ್ಲ ಅಂದರೆ ಅನುಭವಿಗಳು ಮೊದಲು ಇದನ್ನೇ ಸಂಶಯಿಸುತ್ತಾರೆ. ಆಗ ಗಂಟಲಿನ ಮೂಲಕ ಸಣ್ಣ ನಳಿಕೆ ಇಳಿಸಿ ಮಾಡುವ ಟಿಇಇ ಎಕೋ, ಇಲ್ಲವೇ ಸಿಟಿ, ಎಂಆರ್‌ಐ ಬೇಕಾಗುತ್ತದೆ. ಕೈಯ ನರಕ್ಕೆ ಅಲುಗಾಡಿಸಿದ ಸಲೈನ್ ಹಾಕಿ ಗುಳ್ಳೆಗಳು ಎಲ್ಲಿಗೆ ಹೋಗುತ್ತವೆ ಅಂತ ನೋಡುವ ಬಬಲ್ ಎಕೋ ಕೂಡ ಕೆಲವೊಮ್ಮೆ ಸುಳಿವು ಕೊಡುತ್ತದೆ. ಇವೆಲ್ಲ ನಿಮಗೆ ಈಗಲೇ ಬೇಕು ಅಂತ ನಾನು ಹೇಳುತ್ತಿಲ್ಲ. ಮೊದಲು ಹುಟ್ಟುದೋಷದ ಹೃದಯಗಳನ್ನೇ ನೋಡುವವರ ಕೈಯಲ್ಲಿ ಒಂದು ಪೂರ್ತಿ ಎಕೋ ಆಗಲಿ. ಅದರಲ್ಲಿ ಸಂಶಯ ಉಳಿದರೆ ಮಾತ್ರ ಮುಂದಿನದು.

ಹೊಸ ರಿಪೋರ್ಟ್ ಕೈಗೆ ಬಂದಾಗ ನೀವೇ ಓದಿ. ಮೇಲಿನ ಗೋಡೆ, ಕೆಳಗಿನ ಗೋಡೆ ಎರಡೂ ಪೂರ್ತಿ ಇದೆ ಅಂತ ಬರೆದಿರಬೇಕು. ಶ್ವಾಸಕೋಶದ ನಾಲ್ಕೂ ನಾಳಗಳು ಎಡ ಕೋಣೆಗೇ ಸೇರುತ್ತಿವೆ ಅಂತ ಇರಬೇಕು. ಬಲ ಕೋಣೆಗಳ ಅಳತೆ, ಶ್ವಾಸಕೋಶದ ಒತ್ತಡ, ಮಹಾಪಧಮನಿ ವಾಲ್ವಿನಲ್ಲಿ ಎಲೆಗಳು ಮೂರಿವೆಯಾ ಎರಡಾ, ಅದರ ಮೇಲಿನ ಕಮಾನು ಎಲ್ಲಾದರೂ ಕಿರಿದಾಗಿದೆಯಾ, ಇಷ್ಟು ಇದ್ದರೆ ಅದು ಹುಡುಕಿ ಮಾಡಿದ ಎಕೋ. ಇಲ್ಲದಿದ್ದರೆ ಮರ್ಯಾದೆಯಿಂದಲೇ ಕೇಳಿ, 'ಸರ್, ಮೇಲಿನ ಗೋಡೆ ನೋಡಿದಿರಾ, ನಮ್ಮ ಮನೆಯಲ್ಲಿ ಇಬ್ಬರಿಗೆ ಎಎಸ್‌ಡಿ ಇದೆ' ಅಂತ. ಹೀಗೆ ಕೇಳಿದರೆ ಒಳ್ಳೆಯ ಡಾಕ್ಟರು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎಕೋ ಜೊತೆಗೆ ನಿಮಗೆ ಹೋಲ್ಟರ್ ಬೇಕೇ ಬೇಕು. 24 ಗಂಟೆ ಎದೆಗೆ ಅಂಟಿಸಿಕೊಂಡು ಮನೆಗೆ ಬರುವ ಸಣ್ಣ ಯಂತ್ರ. ನಿಮ್ಮ ಮಾಮೂಲಿ ಕೆಲಸ ಮಾಡಿ, ನೀರು ಹೊತ್ತುಕೊಳ್ಳಿ, ಮೆಟ್ಟಿಲು ಹತ್ತಿ, ಮಲಗಿ. ಸ್ನಾನ ಒಂದು ದಿನ ಬಿಡಿ, ಅಷ್ಟೇ. ಎದೆ ಡವಡವ ಅಂದ ಹೊತ್ತನ್ನು ಚೀಟಿಯಲ್ಲಿ ಬರೆದಿಡಿ, ರಿಪೋರ್ಟ್ ಜೊತೆ ಹೋಲಿಸಿ ನೋಡಬಹುದು. ಇಸಿಜಿ ಹಿಡಿಯುವುದು ಕೆಲವೇ ಸೆಕೆಂಡಿನ ಬಡಿತ. ನಿಮ್ಮ ಅಪ್ಪ ಹೋದದ್ದು ನಿದ್ದೆಯಲ್ಲಿ, ಹಾಗಾಗಿ ರಾತ್ರಿಯ ಬಡಿತ ನೋಡುವುದು ಮುಖ್ಯ.

ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಮಾಸ್ಟರ್ ಚೆಕಪ್ ಪ್ಯಾಕೇಜ್‌ಗೆ ದುಡ್ಡು ಸುರಿಯಬೇಡಿ. 2025ರ ಜುಲೈನಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತಿತ್ತು, ನೆನಪಿದೆ ಅಲ್ವಾ? ಆ ಭಯ ಅರ್ಥವಾಗುವಂಥದ್ದೇ. ಆದರೆ ಕೊಲೆಸ್ಟ್ರಾಲ್, ಯಂತ್ರದ ಮೇಲೆ ನಡೆಸಿ ನೋಡುವ ಟಿಎಂಟಿ, ಆಂಜಿಯೋ ಇವೆಲ್ಲ ಮುಖ್ಯವಾಗಿ ರಕ್ತನಾಳದ ಬ್ಲಾಕ್‌ಗೆ ಸಂಬಂಧಿಸಿದ ಪರೀಕ್ಷೆಗಳು. ನಿಮ್ಮ ಮನೆಯ ಪ್ರಶ್ನೆಗೆ ಅವುಗಳಲ್ಲಿ ಉತ್ತರ ಇಲ್ಲ.

ಎಲ್ಲಿ ಹೋಗಬೇಕು ಅಂತ ಕೇಳಿದ್ದೀರಿ. ಮಕ್ಕಳ ಹೃದಯ ತಜ್ಞರು ಇರುವ ಕಡೆ ಹೋಗಿ, ನಿಮಗೆ 33 ಆಗಿದ್ದರೂ ಪರವಾಗಿಲ್ಲ. ಹುಟ್ಟುದೋಷಗಳನ್ನು ಹುಡುಕುವ ಕೈಚಳಕ ಅವರಿಗೆ ಜಾಸ್ತಿ. ದೊಡ್ಡ ಕೇಂದ್ರಗಳಲ್ಲಿ ಹುಟ್ಟುದೋಷ ಇರುವ ದೊಡ್ಡವರಿಗೇ ಪ್ರತ್ಯೇಕ ದಿನ ಇಟ್ಟಿರುತ್ತಾರೆ, ಫೋನ್ ಮಾಡಿ ವಿಚಾರಿಸಿಕೊಂಡು ಹೊರಡಿ. ಬೆಂಗಳೂರಿನ ಜಯದೇವ ಇದೆ, ಬೊಮ್ಮಸಂದ್ರದ ನಾರಾಯಣ ಹೃದಯಾಲಯ ಇದೆ, ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ದುಡ್ಡೇ ತೆಗೆದುಕೊಳ್ಳುವುದಿಲ್ಲ. ಅಣ್ಣನ ಮಗ ಮತ್ತು ನಿಮ್ಮ ಮಗಳ ವಿಷಯದಲ್ಲಿ ಇನ್ನೊಂದು ದಾರಿ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಹೃದಯದ ಹುಟ್ಟುದೋಷವೂ ಸೇರಿದೆ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡದವರಿಗೆ ತೋರಿಸಿ ಹೆಸರು ಬರೆಸಿ. ಜಿಲ್ಲಾ ಆಸ್ಪತ್ರೆಯ ಮೂಲಕ ಮುಂದಿನ ಚಿಕಿತ್ಸೆಗೆ ಅವರೇ ಕಳಿಸುತ್ತಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಕಾರ್ಡ್ ಮಾಡಿಸಿಟ್ಟುಕೊಳ್ಳಿ, ಮುಂದೆ ಯಾರಿಗಾದರೂ ತೂತು ಮುಚ್ಚಬೇಕಾದರೆ, ಪೇಸ್‌ಮೇಕರ್ ಹಾಕಬೇಕಾದರೆ ದೊಡ್ಡ ಆಸರೆ.

ಹೋಗುವ ಮುಂಚೆ ಮನೆಯಲ್ಲಿ ಒಂದು ಕೆಲಸ ಮಾಡಿ. ದೊಡ್ಡ ಹಾಳೆ ತಗೊಂಡು ಅಜ್ಜ-ಅಜ್ಜಿಯಿಂದ ಶುರು ಮಾಡಿ ಎಲ್ಲರನ್ನೂ ಬರೆಯಿರಿ. ಅಪ್ಪನ ಕಡೆಯ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಅವರ ಮಕ್ಕಳು, ಯಾರನ್ನೂ ಬಿಡಬೇಡಿ. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ, ಹೋದವರ ಮೇಲೆ ಒಂದು ಗೆರೆ ಎಳೆದು ವಯಸ್ಸು ಬರೆಯಿರಿ. ನಿಮ್ಮ ಸೋದರತ್ತೆ ಯಾರಾದರೂ ಇದ್ದರೆ ಅವರ ಪಕ್ಕ ಕೂತು ಕೇಳಿ, ವಂಶದ ಕಥೆಗಳು ಉಳಿದಿರುವುದು ಅವರಂಥವರ ಬಾಯಲ್ಲೇ. ಹುಟ್ಟಿ ನೀಲಿಗಟ್ಟಿ ಹೋದ ಮಗು ಇತ್ತಾ? ಕೆರೆಯಲ್ಲಿ ಈಜು ಬರುತ್ತಿದ್ದರೂ ಮುಳುಗಿದವರು ಇದ್ದಾರಾ? 'ಮೂರ್ಛೆ ರೋಗ' ಅಂತ ಮಾತ್ರೆ ತಿನ್ನುತ್ತಿದ್ದವರು? ನಾಡಿ ನಿಂತು ತಲೆ ಸುತ್ತಿ ಬಿದ್ದದ್ದನ್ನು ಎಷ್ಟೋ ಮನೆಗಳಲ್ಲಿ ಫಿಟ್ಸ್ ಅಂದುಕೊಂಡಿರುತ್ತಾರೆ. ಹೆಬ್ಬೆರಳು ಬೇರೆ ಥರ ಇರುವವರು, ಉಳಿದ ಬೆರಳಿನ ಹಾಗೆ ಉದ್ದ ಅಥವಾ ಇಲ್ಲವೇ ಇಲ್ಲ ಅನ್ನುವಂಥವರು ಇದ್ದರೆ ಅದನ್ನೂ ಬರೆಯಿರಿ, ಎಎಸ್‌ಡಿ ಜೊತೆ ಕೈಯ ಮೂಳೆಯೂ ಬದಲಾಗುವ ಹೋಲ್ಟ್-ಓರಮ್ ಅನ್ನುವ ಇನ್ನೊಂದು ವಂಶದ ತೊಂದರೆ ಇದೆ. ಸೀಳುತುಟಿ, ಮೂಗಿನಲ್ಲಿ ಮಾತಾಡುವುದು, ಇವೂ ಬೇರೆ ಜೀನ್ ತೊಂದರೆಯ ದಾರಿ ತೋರಿಸಬಹುದು.

ಸಂಬಂಧದೊಳಗೆ ಮದುವೆ ಆಗಿದ್ದರೆ ಅದನ್ನೂ ಗುರುತು ಮಾಡಿ. ಸೋದರಮಾವ, ಅತ್ತೆ ಮಗ ಅಂತ ಮಾಡಿಕೊಳ್ಳುವುದು ನಮ್ಮಲ್ಲಿ ಇಂದಿಗೂ ಇದೆ. ಅಂಥ ಮದುವೆಗಳಲ್ಲಿ ಹೃದಯದ ಹುಟ್ಟುದೋಷ ಜಾಸ್ತಿ ಅಂತ ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲೇ ಬರೆದಿದ್ದಾರೆ. ಆದರೆ ನಿಮ್ಮ ಮನೆಯ ಮಾದರಿಗೆ ಅದು ಬೇಕಾಗಿಲ್ಲ. ಇಲ್ಲಿ ಒಬ್ಬ ತಂದೆಯಿಂದ ನೇರವಾಗಿ ಇಳಿದು ಬಂದ ಹಾಗೆ ಕಾಣುತ್ತದೆ. ನಿಮ್ಮ ಅತ್ತಿಗೆಗೆ ಇದನ್ನು ದಯವಿಟ್ಟು ಹೇಳಿ. ಗ್ರಹಣದ ದಿನ ಹೊರಗೆ ಬಂದಳು, ಬಸುರಿಯಲ್ಲಿ ಏನೋ ತಿಂದಳು ಅಂತ ಮಗುವಿನ ತೂತಿಗೆ ತಾಯಿಯನ್ನೇ ಬೈಯುವ ಮನೆಗಳನ್ನು ನಾನು ತುಂಬಾ ನೋಡಿದ್ದೇನೆ. ಆ ಹೆಣ್ಣುಮಗಳದ್ದು ಏನೂ ತಪ್ಪಿಲ್ಲ. ನಿಮ್ಮ ಅಣ್ಣನದೂ ತಪ್ಪಿಲ್ಲ, ಅಪ್ಪನದೂ ಇಲ್ಲ.

ಜೀನ್ ಪರೀಕ್ಷೆ ಮಾಡಿಸಬಹುದಾ? ಮಾಡಿಸಬಹುದು, ಆದರೆ ಮೊದಲು ನಿಮಗಲ್ಲ. ತೂತು ಇದೆ ಅಂತ ಖಚಿತವಾಗಿರುವವರಿಗೆ, ಅಂದರೆ ಅಕ್ಕನಿಗೆ ಮೊದಲು. ಕಾರಣ ಸರಳ. ನಿಮ್ಮ ರಕ್ತದಲ್ಲಿ ಏನೂ ಸಿಗದಿದ್ದರೆ, ನಿಮಗೆ ಬಂದಿಲ್ಲ ಅಂತಲೋ, ಅಥವಾ ಮನೆಯಲ್ಲಿರುವ ತಪ್ಪನ್ನು ಈ ಪರೀಕ್ಷೆ ಹಿಡಿಯುತ್ತಿಲ್ಲ ಅಂತಲೋ ಗೊತ್ತಾಗುವುದಿಲ್ಲ. ಅಕ್ಕನಲ್ಲಿ ತಪ್ಪು ಇಂಥದ್ದೇ ಅಂತ ಸಿಕ್ಕರೆ ಆಮೇಲೆ ನೀವು, ಅಣ್ಣ, ಮಕ್ಕಳು ಎಲ್ಲ ಆ ಒಂದೇ ಜಾಗವನ್ನು ನೋಡಿಸಿಕೊಂಡರೆ ಸಾಕು, ಖರ್ಚೂ ಕಡಿಮೆ, ಉತ್ತರವೂ ಸ್ಪಷ್ಟ. ಕೆಲವೊಮ್ಮೆ 'ಬದಲಾವಣೆ ಇದೆ, ಅದರ ಅರ್ಥ ಖಚಿತವಿಲ್ಲ' ಅಂತಲೂ ಬರುತ್ತದೆ. ಅದಕ್ಕೇ ರಿಪೋರ್ಟನ್ನು ಮೊಬೈಲಿನಲ್ಲಿ ಓದಿಕೊಂಡು ನೀವೇ ತೀರ್ಮಾನ ಮಾಡಬೇಡಿ, ಜೆನೆಟಿಕ್ ಕೌನ್ಸೆಲಿಂಗ್ ಮಾಡುವವರ ಎದುರು ಕೂತು ಕೇಳಿ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇಂಥ ಕೆಲಸಕ್ಕೆ ಹೆಸರಾದದ್ದು. ಜೀನ್ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಅಂತ ಇಸಿಜಿ, ಎಕೋ ನಿಲ್ಲಿಸುವ ಹಾಗಿಲ್ಲ. ಮೂರು ಜನರ ಕಥೆ ಕಣ್ಣೆದುರೇ ಇದೆ.

ಅಕ್ಕನಿಗೆ 'ತೂತು ಮುಚ್ಚಿದೆ, ಇನ್ನು ಬರುವ ಅಗತ್ಯ ಇಲ್ಲ' ಅಂದಿದ್ದಾರೆ ಅಂತ ಬರೆದಿದ್ದೀರಿ. ಬೇರೆ ಮನೆಯವರಾಗಿದ್ದರೆ ಆ ಮಾತು ನಡೆಯುತ್ತಿತ್ತೇನೋ. ನಿಮ್ಮ ಮನೆಯಲ್ಲಿ ನಡೆಯುವುದಿಲ್ಲ. ಗೋಡೆ ರಿಪೇರಿಯಾಯಿತು, ವೈರಿಂಗ್ ಹಾಗೇ ಇದೆ. ಇಂಥ ಮನೆತನಗಳಲ್ಲಿ ತೂತು ಮುಚ್ಚಿ ವರ್ಷಗಳಾದ ಮೇಲೂ ವೈರಿಂಗ್ ಕೆಟ್ಟು ತೊಂದರೆ ಆದದ್ದಿದೆ. ವರ್ಷಕ್ಕೊಂದು ಇಸಿಜಿ, ಡಾಕ್ಟರು ಹೇಳಿದ ಹಾಗೆ ಹೋಲ್ಟರ್, ಇದು ಅವರಿಗೆ ಜೀವನಪೂರ್ತಿ ಇರಬೇಕು. ಅಣ್ಣನ ಮಗನಿಗೂ ಹಾಗೇ.

ನಿಮ್ಮ ಮಗಳಿಗೆ ಈಗಲೇ ಎಕೋ, ಇಸಿಜಿ ಎರಡೂ ಮಾಡಿಸಿ. ಎಂಟು ವರ್ಷದ ಮಗುವಿನ ಎದೆಯಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ, ನೋವಿಲ್ಲ, ಸೂಜಿಯಿಲ್ಲ, ಎದೆಗೆ ತಣ್ಣನೆಯ ಜೆಲ್ಲಿ ಹಚ್ಚುತ್ತಾರೆ ಅಂತ ಮೊದಲೇ ಹೇಳಿಡಿ. ಹುಟ್ಟಿದಾಗ ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡಿದ್ದರು, ಸರಿಯಾಗಿತ್ತು ಅಂತ ನೀವು ಹೇಳಬಹುದು. ಆ ಪರೀಕ್ಷೆ ನೀಲಿಗಟ್ಟುವಂಥ ಗಂಭೀರ ದೋಷಗಳಿಗೆ ಮಾತ್ರ, ಎಎಸ್‌ಡಿ ಅದರಲ್ಲಿ ಸಿಗುವುದಿಲ್ಲ. ಅವಳ ಎರಡೂ ಪರೀಕ್ಷೆ ಸರಿ ಬಂದರೆ ಸಂತೋಷ. ಆದರೂ ಮನೆಯ ತೊಂದರೆ ಏನು ಅಂತ ಖಚಿತವಾಗುವವರೆಗೆ ಇಸಿಜಿಯನ್ನು ಆಗಾಗ ಮಾಡಿಸುತ್ತಾ ಇರಬೇಕು, ವೈರಿಂಗ್ ಆಮೇಲೆ ನಿಧಾನವಾಗಬಹುದು. ಆಟ, ಓಟ ಯಾವುದನ್ನೂ ಈಗ ನಿಲ್ಲಿಸಬೇಡಿ, ತಲೆ ಸುತ್ತಿ ಬಿದ್ದದ್ದು ಇಲ್ಲ ತಾನೇ.

ಇನ್ನೊಂದು ಮಗು ಬೇಕು ಅನ್ನುವ ಆಸೆ ಒಳ್ಳೆಯದೇ. ಆದರೆ ನಿಮ್ಮ ಪರೀಕ್ಷೆ ಮುಗಿಯುವವರೆಗೆ ಮುಂದೂಡಿ. ಒಂದೆರಡು ತಿಂಗಳ ಮಾತು. ನಿಮಗೆ ತೂತು ಇದ್ದು, ಶ್ವಾಸಕೋಶದ ಒತ್ತಡ ಏರಿಲ್ಲದಿದ್ದರೆ ಬಸುರಿ ಸಾಮಾನ್ಯವಾಗಿ ಸುರಕ್ಷಿತವಾಗಿಯೇ ಸಾಗುತ್ತದೆ, ಅನೇಕರು ಮೊದಲು ತೂತು ಮುಚ್ಚಿಸಿಕೊಂಡು ಆಮೇಲೆ ಮಗು ಮಾಡಿಕೊಳ್ಳುತ್ತಾರೆ. ಒತ್ತಡ ತುಂಬಾ ಏರಿಬಿಟ್ಟಿದ್ದರೆ ಮಾತ್ರ ಬಸುರಿಯಿಂದ ತಾಯಿಯ ಜೀವಕ್ಕೇ ಅಪಾಯ. ಇದು ಗೊತ್ತಾಗದೆ ಮುಂದುವರಿಯಬಾರದು. ಬಸುರಿಯಾದ ಮೇಲೆ 18ರಿಂದ 20ನೇ ವಾರದಲ್ಲಿ ಮಗುವಿನ ಹೃದಯದ ಎಕೋ ಮಾಡಿಸಿ. ಮಾಮೂಲಿ ಸ್ಕ್ಯಾನಿಂಗ್ ಬೇರೆ, ಇದು ಬೇರೆ, ಡಾಕ್ಟರ ಚೀಟಿಯಲ್ಲಿ 'ಫೀಟಲ್ ಎಕೋ' ಅಂತ ಬರೆಸಿಕೊಳ್ಳಿ. ಒಂದು ವಿಷಯ ಮಾತ್ರ ನೆನಪಿಡಿ. ಹೊಟ್ಟೆಯಲ್ಲಿರುವ ಎಲ್ಲ ಮಕ್ಕಳಿಗೂ ಮೇಲಿನ ಗೋಡೆಯಲ್ಲಿ ಒಂದು ಕಿಂಡಿ ತೆರೆದೇ ಇರುತ್ತದೆ, ಅದು ಪ್ರಕೃತಿಯೇ ಇಟ್ಟದ್ದು, ಹುಟ್ಟಿದ ಮೇಲೆ ಮುಚ್ಚುತ್ತದೆ. ಹಾಗಾಗಿ ಸಾಮಾನ್ಯ ಎಎಸ್‌ಡಿಯನ್ನು ಹೊಟ್ಟೆಯಲ್ಲೇ ಖಚಿತವಾಗಿ ಹೇಳಲು ಬರುವುದಿಲ್ಲ. ಫೀಟಲ್ ಎಕೋ ಸರಿ ಬಂತು ಅಂತ ಬಿಡದೆ ಹುಟ್ಟಿದ ಮೇಲೆ ಮತ್ತೆ ತೋರಿಸಬೇಕು. ಅದೇ ಫೀಟಲ್ ಎಕೋದಲ್ಲಿ ಮಗುವಿನ ಹೃದಯ ಬಡಿತದ ಲಯವೂ ಕಾಣುತ್ತದೆ, ಅದನ್ನೂ ನೋಡಿ ಅಂತ ಹೇಳಿ.

ನಿಮಗಾಗಲಿ ಮನೆಯ ಯಾರಿಗಾಗಲಿ ಇದ್ದಕ್ಕಿದ್ದಂತೆ ಕಣ್ಣು ಕತ್ತಲೆ ಬಂದು ಬಿದ್ದರೆ, ಅಥವಾ ಬೀಳುವ ಹಾಗೆ ಆದರೆ, ಅಪಾಯಿಂಟ್ಮೆಂಟ್ ಕಾಯಬೇಡಿ. ಅವತ್ತೇ ಆಸ್ಪತ್ರೆ. 108ಕ್ಕೆ ಫೋನ್ ಮಾಡಿ.

ಅಣ್ಣ 'ನನಗೇನಾಗಿದೆ' ಅಂತ ಹಠ ಮಾಡಬಹುದು. ಈ ಪತ್ರವನ್ನೇ ಅವರಿಗೆ ಓದಿ ಹೇಳಿ. ಹೆಬ್ಬೆರಳಿನ ಬುಡದಲ್ಲಿ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತಾ, ಪೂರ್ತಿ ಒಂದು ನಿಮಿಷ ಅವರ ನಾಡಿ ನೀವೇ ಎಣಿಸಿ. ಐವತ್ತಕ್ಕಿಂತ ಕಡಿಮೆ ಬಂದರೆ, ಮಧ್ಯೆ ಮಧ್ಯೆ ಬಿಟ್ಟುಹೋದರೆ, ಲಾರಿ ಕೀಲಿ ತೆಗೆದಿಟ್ಟು ಅವತ್ತೇ ಕರೆದುಕೊಂಡು ಹೋಗಿ. ಸರಿಯಾಗಿ ಬಂದರೂ ಇಸಿಜಿ ಬಿಡುವ ಹಾಗಿಲ್ಲ, ಮುಂದಿನ ಲೋಡಿಗೆ ಹೊರಡುವ ಮುಂಚೆ ಆಗಲಿ. ಆ ಇಸಿಜಿಯ ಮೂಲೆಯಲ್ಲಿ ಪಿಆರ್ ಮುಂದೆ ಎಷ್ಟಿದೆ ಅಂತ ಫೋಟೊ ತೆಗೆದು ನನಗೆ ಕಳಿಸಿ, ನಾನು ನೋಡುತ್ತೇನೆ.